ದೊಡ್ಡಮ್ಮನ ಬೋರಿನ ನೀರು

ತಮಿಳು ಸೀಮೆಯ ಗಣಪತಿ ಎಂಬ ಬಡಾವಣೆಯ ಹಳೆಯ ಎಣ್ಣೆ ಡಿಪೋದ ಮಣ್ಣು, ನೀರು ಪರೀಕ್ಷಿಸುವ ಕೆಲಸ ನಮ್ಮ ಕಂಪನಿಗೆ ಬಂದಾಗ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅದು ನಮ್ಮ ವಂಶದಲ್ಲೇ ಇಲ್ಲ. ಡಿಪೋದ ಗೋಡೆಯಾಚೆ ಸಾಲುಮನೆಗಳಲ್ಲಿ ನನ್ನ ದೊಡ್ಡಮ್ಮ ಇದ್ದಾಳೆಂದು ಮೊದಲ ದಿನವೇ ಮೇಲಧಿಕಾರಿಗೆ ಹೇಳಿಬಿಟ್ಟೆ. "ಹಾಗಾದರೆ ಆ ಮನೆಗಳ ಬೋರ್‌ವೆಲ್ಲಿನ ತಂಟೆಗೆ ನೀವು ಬರಬೇಡಿ" ಎಂದು ಅವರು ಅಲ್ಲಿನ ನೀರನ್ನು ತಾವೇ ಸೀಸೆಗೆ ಹಿಡಿದರು. ದೊಡ್ಡಮ್ಮ ಕಾಫಿ ತಂದಿಟ್ಟರೆ ಲೋಟವನ್ನು ಅನುಮಾನದಿಂದ ನೋಡಿ ಬೇಡವೆಂದರು.

ಲ್ಯಾಬಿನಿಂದ ಉತ್ತರ ಬಂತು: ಬೋರಿನ ನೀರಿನಲ್ಲಿ ಎಣ್ಣೆ ಇದೆ. ಕೇಳಿದ್ದೇ ತಡ, ಮನೆಗಳ ಮಾಲೀಕ ಬೋರಿಗೆ ಸಿಮೆಂಟು ಸುರಿದು ಮುಚ್ಚಿಸುತ್ತೇನೆಂದು ಹೊರಟ. ಇಡೀ ಸಾಲಿಗೆ ಅದೊಂದೇ ಬೋರು. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರಿನ ಜಾಗ ತೋರಿಸುವವರನ್ನು ಹುಡುಕಿ ಕರೆತಂದು ಅದನ್ನು ಕೊರೆಸಿದವಳು ದೊಡ್ಡಮ್ಮ. ನಾನು ಹೋದಾಗ ಅವಳು ಖಾಲಿ ಕೊಡದ ಪಕ್ಕ ಕೂತಿದ್ದಳು.

"ಮುಚ್ಚಿದ್ರೆ ಮುಚ್ಲಿ, ನನ್ ಕಣ್ಣೇ. ಇಷ್ಟ್ ವರ್ಷ ಎಲ್ರಿಗೂ ವಿಷ ಕುಡ್ಸಿದೆ ಅಂತ ಪೇರು ಬಂತಲ್ಲ, ಅದ್ನ ಹೆಂಗ್ ತಾಂಗ್ಲಿ?"

ತಮಿಳರ ನಡುವೆ ಇದ್ದೂ ಇದ್ದೂ ಅವಳ ಬಾಯಲ್ಲಿ ಹೆಸರು ಪೇರಾಗಿತ್ತು, ತಾಳುವುದು ತಾಂಗುವುದಾಗಿತ್ತು. ನನಗೆ ಮಾಲೀಕನ ಮೇಲಿನ ಸಿಟ್ಟಿಗಿಂತ ಒಂದು ಲೆಕ್ಕ ಹೆಚ್ಚು ಕಾಡುತ್ತಿತ್ತು. ಡಿಪೋದೊಳಗೆ ಟ್ಯಾಂಕು ನಿಂತಿದ್ದ ಕಡೆ ಮೇಲ್ಮಣ್ಣು ಕಪ್ಪಾಗಿ ಗಬ್ಬು ನಾರುತ್ತಿತ್ತು, ನಿಜ. ಅದನ್ನು ಅಗೆದು ಸಾಗಿಸಲೇಬೇಕಿತ್ತು. ಆದರೆ ಅಲ್ಲೇ ನಾವು ಬಂಡೆಯವರೆಗೆ ಕೊರೆದ ಬೋರುಗಳ ನೀರು ಶುದ್ಧವಾಗಿತ್ತು. ಟ್ಯಾಂಕಿನ ಕೆಳಗೇ ಇಲ್ಲದ ಎಣ್ಣೆ ಗೋಡೆ ದಾಟಿ ದೊಡ್ಡಮ್ಮನ ಬೋರಿಗೆ ಹೇಗೆ ಬಂತು?

ಅಷ್ಟರಲ್ಲಿ ಯಾರೋ ನೀರಿಗೆಂದು ಸ್ವಿಚ್ಚು ಹಾಕಿದರು. ಮೂಲೆಯಲ್ಲಿದ್ದ ಹಳೇ ಕಂಪ್ರೆಸರ್ ದಡಬಡ ಎಂದಿತು. ಆ ಬೋರಿನೊಳಗೆ ಮೋಟರ್ ಇಲ್ಲ. ಕಂಪ್ರೆಸರ್ ಪೈಪಿನಲ್ಲಿ ಗಾಳಿ ಊದುತ್ತದೆ, ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತದೆ. ಕಂಪ್ರೆಸರ್ ಸವೆಯದಿರಲೆಂದು ಅದರೊಳಗೆ ಹಾಕುವ ಎಣ್ಣೆ ಆ ಗಾಳಿಯ ಜೊತೆಗೇ ಬೋರಿಗೆ ಇಳಿಯುತ್ತಿರಬೇಕು! ನಾನು ಅಲ್ಲೇ ನಕ್ಕುಬಿಟ್ಟೆ.

ಮರುದಿನ ಮೇಲಧಿಕಾರಿಯನ್ನು ಎಳೆದುಕೊಂಡೇ ಬಂದೆ. "ನಿಮ್ಮ ದೊಡ್ಡಮ್ಮನ ಮನೆ ಅಂತ..." ಎಂದು ಶುರು ಮಾಡಿದರು.

"ಅದಕ್ಕೇ ನಾನು ಕೈ ಹಾಕುವುದಿಲ್ಲ ಸಾರ್. ನಿಮ್ಮ ಕರ್ಚೀಫು ನೀವೇ ಹಿಡಿಯಿರಿ."

ಗಾಳಿ ಪೈಪನ್ನು ಬೋರಿನಿಂದ ಬಿಡಿಸಿ ಕಂಪ್ರೆಸರ್ ಓಡಿಸಿದೆವು. ಪೈಪಿನ ಬಾಯಿಗೆ ಅವರು ಹಿಡಿದ ಬಿಳೀ ಕರ್ಚೀಫಿನ ತುಂಬಾ ಕಂದು ಎಣ್ಣೆಯ ಚುಕ್ಕಿಗಳು ಕೂತವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು ನಮ್ಮ ಸಾಹೇಬರು. ಅವರು ಕರ್ಚೀಫು ಮಡಿಸಿ ಜೇಬಿಗಿಟ್ಟುಕೊಂಡು, ಇನ್ನೊಮ್ಮೆ ನೀರು ತೆಗೆಯೋಣ ಎಂದರು.

ಬೀದಿಗೊಂದು ಪಂಪು ತಯಾರಿಸುವ ವರ್ಕ್‌ಶಾಪ್ ಇರುವ ಗಣಪತಿಯಲ್ಲಿ ಪಂಪು ಕೇಳುವುದೆಂದರೆ ಪಕ್ಕದ ಮನೆಯಲ್ಲಿ ಕರಿಬೇವು ಕೇಳಿದ ಹಾಗೆ. ಎದುರಿನ ವರ್ಕ್‌ಶಾಪಿನವರು ಹೊಸ ಸಬ್‌ಮರ್ಸಿಬಲ್ ಪಂಪು ಕೊಟ್ಟು ತಾವೇ ಬೋರಿಗೆ ಇಳಿಸಿದರು. ಹಳೇ ಜಿಡ್ಡೆಲ್ಲ ಹೋಗುವ ತನಕ ಇಡೀ ದಿನ ನೀರು ಹೊರಗೆ ಬಿಟ್ಟೆವು. ಬೀದಿಯ ತೆಂಗಿನ ಮರಗಳಿಗೆ ಹಬ್ಬ. ಆಮೇಲೆ ಮೇಲಧಿಕಾರಿಯೇ ಮತ್ತೆ ಸೀಸೆ ತುಂಬಿದರು. ನಾನು ಕೈಕಟ್ಟಿ ದೂರ ನಿಂತೆ.

ಲ್ಯಾಬಿನ ಉತ್ತರ ಹಿಡಿದು ಅವರೇ ಬಂದರು. ನೀರಿನಲ್ಲಿ ಎಣ್ಣೆ ಇಲ್ಲ, ಬೋರು ಮುಚ್ಚಬೇಕಾಗಿಲ್ಲ ಎಂದು ಮಾಲೀಕನ ಎದುರಿಗೇ ತಮಿಳಿನಲ್ಲಿ ಸ್ಪಷ್ಟವಾಗಿ ಹೇಳಿದರು. ನನಗೆ ಕುಣಿಯಬೇಕೆನ್ನಿಸಿತು. ದೊಡ್ಡಮ್ಮ ನೇರ ಒಳಗೆ ಹೋಗಿ ಕಾಫಿ ಮಾಡಿ ತಂದು ಅವರ ಮುಂದಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಳು.

ಮೇಲಧಿಕಾರಿ ಲೋಟ ನೋಡಿದರು, ದೊಡ್ಡಮ್ಮನನ್ನು ನೋಡಿದರು. ಒಂದು ಗುಟುಕು ಕುಡಿದರು. ಆಮೇಲೆ ಪೂರ್ತಿ ಕುಡಿದು ಲೋಟವನ್ನು ಮತ್ತೆ ಅವಳ ಮುಂದೆ ಚಾಚಿದರು.

ದೊಡ್ಡಮ್ಮ ಬಾಗಿಲಿಗೆ ಬಂದು, ಸಾಲಿನ ಕೊನೇ ಮನೆಗೂ ಕೇಳುವಂತೆ ಕೂಗಿದಳು: "ಸಾರ್‌ಗೆ ಇನ್ನೊಂದ್ ಕಾಪಿ ಬೇಕಂತೆ! ನಮ್ ಬೋರ್ ನೀರ್ದು!"