ಮೊದಲ ಹೆಂಟೆ ಹಾಕಿದ ಅಕ್ಕು

ಬೆಳಕು ಹರಿಯುವ ಮೊದಲೇ ಅಕ್ಕು ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದಾಳೆ. ಗುಲ್ವಾಡಿ ದಾಟಿ ಹೊಳೆಯ ಗುಂಟ ಕೆಳಗೆ ಬಂದರೆ ಸಿಗುವ ಗದ್ದೆ ಬಯಲು ಇದು. ಹೊಳೆ ಸೇರುವ ತೋಡಿಗೆ ಅಡ್ಡವಾಗಿ ಮಣ್ಣಿನ ಕಟ್ಟ, ಅದರ ನಡುವೆ ಒಂದು ಕಿಂಡಿ. ಸಮುದ್ರದ ಭರತ ಏರುವಾಗ ಕಿಂಡಿಗೆ ಹಲಗೆ ಇಳಿಸಬೇಕು, ಇಳಿತಕ್ಕೆ ಎತ್ತಬೇಕು. ತಡವಾದರೆ ಉಪ್ಪುನೀರು ಗದ್ದೆಗೆ ಬರುತ್ತದೆ. ನೀರು ಕುಡಿದು ಭಾರವಾದ ಹಲಗೆಯನ್ನು ಎದೆಗೆ ಒತ್ತಿಕೊಂಡು ಅಕ್ಕು ಅದನ್ನು ಸಂದಿಗೆ ಕೂರಿಸುತ್ತಾಳೆ. ಒಳಗಿನ ನೀರಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸುತ್ತಾಳೆ. ಸಿಹಿ. ಆಮೇಲೆ ಮೇಲೆ ಬಂದು ಸೀರೆ ಹಿಂಡುತ್ತಾಳೆ.

ಬಯಲಿನಲ್ಲಿ ಸುಗ್ಗಿ ಬೆಳೆ ಹಸಿರಾಗಿ ನಿಂತಿದೆ. ಅದನ್ನು ಉಳಿಸಿದ್ದಕ್ಕೆ ಈ ಹೆಂಗಸು ಬರುವ ಸಂಕ್ರಮಣದ ದಿನ ಊರೆದುರು ನಿಂತು ತಪ್ಪಾಯಿತು ಎನ್ನಬೇಕಂತೆ.

ಕಿಂಡಿ ಕಾಯುವುದು ಮೊದಲು ಅವಳ ಗಂಡ ಸೂರನ ಕೆಲಸವಾಗಿತ್ತು. ಹಲಗೆ ಜಾರಿ ಬಿದ್ದು ಅವನ ಕಾಲು ಮುರಿದ ಮೇಲೆ ಇವಳು ನೀರಿಗಿಳಿದಳು. ಸೂರ ಈಗ ಜಗಲಿಯಲ್ಲಿ ಕುಳಿತು ಮಣ್ಣು ಹೊರುವ ಹೆಡಿಗೆ ಹೆಣೆಯುತ್ತಾನೆ. ಕೊಯ್ಲಾದಾಗ ಗದ್ದೆಯವರು ಕೊಡುವ ಭತ್ತವೇ ಇವಳ ಸಂಬಳ. ಅಕ್ಕುವಿನ ಅಂಗೈ ಉಪ್ಪಿಗೆ ಬಿರಿದಿದೆ. ಎಣ್ಣೆ ಹಚ್ಚಬಾರದೇ ಎಂದು ನಾನು ಕೇಳಿದರೆ ನಗುತ್ತಾಳೆ. "ಎಣ್ಣಿ ಕೈಯಲ್ಲಿ ಹಲ್ಗಿ ಜಾರತ್ತ್ ಅಮ್ಮ. ಮನೇಲಿ ಒಂದ್ ಕಾಲ್ ಮುರ್ದದ್ದ್ ಸಾಕ್."

ಮಳೆಗಾಲದ ನೆರೆ ಪ್ರತಿವರ್ಷ ಈ ಕಟ್ಟವನ್ನು ಕೊಚ್ಚಿಕೊಂಡು ಹೋಗುತ್ತದೆ. ದೀಪಾವಳಿ ಮುಗಿದೊಡನೆ ಊರವರು ಸೇರಿ ಮತ್ತೆ ಕಟ್ಟುತ್ತಾರೆ. ಮೊದಲ ಹೆಂಟೆ ಮಣ್ಣು ಪಟೇಲರ ಮನೆಯದು. ಅವರ ಕೈಯಿಂದ ಅದು ತೋಡಿಗೆ ಬೀಳುವವರೆಗೆ ಬೇರೆ ಯಾರೂ ಹೆಡಿಗೆ ಎತ್ತುವಂತಿಲ್ಲ. ಅಜ್ಜಂದಿರ ಕಾಲದಿಂದಲೂ ಹಾಗೆಯೇ.

ಈ ವರ್ಷ ಮಳೆ ಜಡಿಯುವ ಆಟಿ ತಿಂಗಳಲ್ಲಿ ಪಟೇಲರು ತೀರಿಕೊಂಡರು. ಅಳಿಯಕಟ್ಟಿನ ಮನೆ ಅದು; ಅವರ ಇಬ್ಬರು ಸೋದರಳಿಯಂದಿರು ಪಟೇಲಿಕೆಯ ಪಟ್ಟ ತನಗೆ, ತನಗೆ ಎಂದು ಜಗಳಕ್ಕೆ ನಿಂತರು. ಕಚೇರಿಗೆ ವಿಚಾರಿಸಲು ಹೋದವರಿಗೆ ಸಿಕ್ಕಿದ ಉತ್ತರ, ದೇಶಕ್ಕೇ ಹೊಸ ಸರಕಾರ ಬಂದಿದೆ, ನೇಮಕ ಆಗುವವರೆಗೆ ಸುಮ್ಮನಿರಿ ಎಂದು. ದೀಪಾವಳಿ ಬಂತು, ಹೋಯಿತು. ಗಂಡಸರು ತೋಡಿನ ದಂಡೆಯಲ್ಲಿ ಕುಳಿತು ಬೀಡಿ ಸೇದಿದರು. ಒಮ್ಮೆ ಉಪ್ಪು ಹೊಕ್ಕರೆ ಮುಂದಿನ ಬೆಳೆಗೂ ಆ ಮಣ್ಣು ಏಳುವುದಿಲ್ಲವೆಂದು ಅವರಲ್ಲಿ ಗೊತ್ತಿಲ್ಲದವರಿಲ್ಲ. ಆದರೂ ಕುಳಿತರು.

ಹುಣ್ಣಿಮೆ ಹತ್ತಿರವಾಗಿ ಭರತದ ನೀರು ದಿನದಿನಕ್ಕೆ ಮೇಲೇರತೊಡಗಿತು. ತಾನೇ ಮಣ್ಣು ಹಾಕುತ್ತೇನೆಂದ ಅಕ್ಕುವಿಗೆ ಸೂರ ಬೇಡವೆಂದ. ಪಟೇಲರ ಮನೆಯವರನ್ನು ಎದುರು ಹಾಕಿಕೊಂಡು ಬದುಕುವುದುಂಟೇ ಎಂದು ಹೆದರಿದ. ಒಂದು ಮುಂಜಾನೆ ಅಕ್ಕು ಅವನೇ ಹೆಣೆದ ಹೆಡಿಗೆ ತೆಗೆದುಕೊಂಡು ಹೋದಳು, ಮಣ್ಣು ಅಗೆದಳು, ಮೊದಲ ಹೆಂಟೆಯನ್ನು ತೋಡಿಗೆ ಹಾಕಿದಳು. ದಂಡೆಯಲ್ಲಿದ್ದವರು ಬಾಯಿಬಿಟ್ಟು ನೋಡಿದರು. ಎರಡನೆಯ ಹೆಡಿಗೆ ತಂದವಳು ನೆರೆಮನೆಯ ಸುಗಂಧಿ. ಅವಳು ಸುಮ್ಮನೆ ತರಲಿಲ್ಲ.

"ಹ್ವಾಯ್, ಸತ್ತದ್ದ್ ಪಟೇಲ್ರ್ ಅಲ್ದಾ? ನೀವ್ ಎಂತಕ್ ಮಲ್ಕಂಡದ್ದ್?"

ಆಮೇಲೆ ಒಬ್ಬೊಬ್ಬರೇ ಎದ್ದರು. ಹುಣ್ಣಿಮೆಯ ಭರತ ಬಂದಾಗ ಕಟ್ಟ ನಿಂತಿತ್ತು.

ಮಾರ್ಗಶಿರದಲ್ಲಿ ಹಿರಿಯ ಅಳಿಯನಿಗೆ ಪಟ್ಟವಾಯಿತು. ಹೊಸ ಪಟೇಲರ ಚಾವಡಿಯ ಮೊದಲ ವಿಚಾರಣೆಯೇ ಮೊದಲ ಹೆಂಟೆಯದು. ಅಕ್ಕು ಅಂಗಳದಲ್ಲಿ ನಿಂತಿದ್ದಳು. ಅವಳು ಮಾಡಿದ್ದು ಅರಾಜಕ ಎಂದರು ಅವರು. ಸಂಕ್ರಮಣದಂದು ಕಟ್ಟದ ಮೇಲೆ ಕಾಯಿ ಒಡೆದು, ಬಾಯಿಬಿಟ್ಟು ತಪ್ಪು ಒಪ್ಪಬೇಕು. ಇಲ್ಲವಾದರೆ ಕಿಂಡಿ ಬೇರೆಯವರಿಗೆ.

"ಅದ್ ಎಂತ ಶಬ್ದ ಅಮ್ಮ?" ಎಂದು ಅಕ್ಕು ಈಗ ನನ್ನನ್ನು ಕೇಳುತ್ತಾಳೆ. "ಬೈದದ್ದ್ ಅಂತ ಅವ್ರ್ ಮುಖ ಕಂಡೇ ಗೊತ್ತಾಯ್ತ್."

ಬಿಡಿಸಿ ನೋಡಿದರೆ ಆ ಶಬ್ದದಲ್ಲಿ ಬೈಗುಳವೇ ಇಲ್ಲ. ಸಂಸ್ಕೃತದಿಂದ ಬಂದ ಮಾತು. ರಾಜನಿಲ್ಲದ್ದು ಎಂದಷ್ಟೇ ಅರ್ಥ. ಒಬ್ಬ ಅರಸ ಸತ್ತು ಇನ್ನೊಬ್ಬ ಪಟ್ಟಕ್ಕೇರುವ ನಡುವಿನ ಹೊತ್ತಿಗೂ ಅದೇ ಹೆಸರು. ಆ ಹೊತ್ತಿನಲ್ಲಿ ಮಳೆ ಬೀಳದು, ಬಿತ್ತನೆ ನಡೆಯದು, ಮನೆಬಾಗಿಲು ತೆರೆದಿಟ್ಟು ಮಲಗುವಂತಿಲ್ಲ ಎಂದು ಪುರಾಣ ಹೇಳುವವರ ಬಾಯಲ್ಲಿ ಕೇಳುತ್ತಲೇ ಬಂದಿದ್ದೇವೆ. ಹಾಗೆಂದು ಮೊದಲು ಹೇಳಿದವರು ಅರಮನೆಯ ಅನ್ನ ಉಂಡವರು. ಅರಸನಿಲ್ಲದೆಯೂ ಊರು ಬದುಕುತ್ತದೆ ಎಂದು ಅವರು ಹೇಗೆ ಹೇಳಿಯಾರು? ರಾಜನಿಲ್ಲ ಎಂಬ ಸರಳ ಮಾತು ಹೀಗೆ ಪುಂಡಾಟಕ್ಕೆ ಹೆಸರಾಯಿತು. ಈಗ ದಿನವೂ ಪತ್ರಿಕೆಯಲ್ಲಿ ಲೂಟಿ, ಬೆಂಕಿಯ ಪಕ್ಕದಲ್ಲಿ ಅದನ್ನೇ ಓದುತ್ತೇವೆ.

ಪಟೇಲರಿಲ್ಲದ ಆ ತಿಂಗಳುಗಳಲ್ಲಿ ಇಲ್ಲಿ ಮಳೆ ಬಿತ್ತು. ಹಸು ಕರು ಹಾಕಿತು. ಯಾರ ಮನೆಯ ಬಾಗಿಲನ್ನೂ ಯಾರೂ ಒಡೆಯಲಿಲ್ಲ. ಹಾಲು ಉಕ್ಕುವಾಗ ಮನೆಯ ಯಜಮಾನಿ ಯಾರೆಂದು ತೀರ್ಮಾನವಾಗಲಿ ಎಂದು ಕೈಕಟ್ಟಿ ನಿಲ್ಲುವ ಹೆಂಗಸು ಎಲ್ಲಿಯಾದರೂ ಇದ್ದಾಳೆಯೇ? ಪಟ್ಟಕ್ಕಾಗಿ ಕಿತ್ತಾಡಿ ಬಯಲನ್ನು ಉಪ್ಪಿಗೆ ಬಿಟ್ಟವರು ಇಬ್ಬರು. ಅವರನ್ನು ಯಾರೂ ಅಂಗಳದಲ್ಲಿ ನಿಲ್ಲಿಸಲಿಲ್ಲ. ಅವಳು ಉಳಿಸಿಕೊಟ್ಟ ಅಕ್ಕಿಯನ್ನು ಉಣ್ಣಲಿರುವ ಊರು ಚಾವಡಿಯಲ್ಲಿ ತಲೆ ತಗ್ಗಿಸಿ ಕುಳಿತಿತ್ತು. ಸುಗಂಧಿ ಒಬ್ಬಳೇ ಏನೋ ಹೇಳಲು ಎದ್ದಳಂತೆ, ಗಂಡ ಸೆರಗು ಹಿಡಿದು ಕೂರಿಸಿದನಂತೆ.

ಕಟ್ಟದ ಮೇಲೆ ಬಿಸಿಲು ಬಂದಿದೆ. ಸಂಕ್ರಮಣದಂದು ಏನು ಮಾಡುತ್ತೀ ಎಂದು ಕೇಳಿದರೆ ಅಕ್ಕು ಹಿಂಡಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾಳೆ.

"ಕಾಯಿ ಒಡಿತೆ. ದೇವ್ರಿಗೆ ಕಾಯಿ ಒಡುಕೆ ನಂಗೆಂತ ಬೇಜಾರಿಲ್ಲೆ. ತಪ್ಪಾಯ್ತ್ ಅಂತ ಮಾತ್ರ ಹೇಳೂದಿಲ್ಲೆ."

ಕಿಂಡಿ ಹೋದರೆ? ಅಕ್ಕು, ಸೂರ ಹೊಸದಾಗಿ ಹೆಣೆದ ಹೆಡಿಗೆಯನ್ನು ಮಗುಚಿ ಹಾಕಿ, ತಳದ ಗಂಟು ಬಿಗಿಯಾಗಿದೆಯೇ ಎಂದು ಬಿರಿದ ಕೈಯಲ್ಲಿ ತಡಕಿ ನೋಡುತ್ತಾಳೆ.

"ಬಪ್ಪ ವರ್ಷ ಪಟೇಲ್ರೇ ಮೊದ್ಲ್ ಹೆಂಟಿ ಹಾಕ್ಲಿ. ಅದ್ ಅವ್ರದ್ದೇ, ನಂಗ್ ಬ್ಯಾಡ. ಹೊತ್ತಿಗ್ ಸರಿಯಾಯಿ ಬಂದ್ರ್ ಸಾಕ್," ಎನ್ನುತ್ತಾಳೆ. "ನಾನ್ ಹೆಡ್ಗಿ ತುಂಬ್ಸಿ ಇಟ್ಕಂಡ್ ಇರ್ತೆ."