ಎಂಜಿನ್ ತಣ್ಣಗಿದ್ದಾಗ ನೋಡಿದ ಮೇಷ್ಟ್ರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಯಾವ ಮೋಟಾರು ಷೆಡ್ಡಿಗೆ ಹೋದರೂ ಅಲ್ಲಿ ಸ್ಪ್ಯಾನರು ಹಿಡಿದವರು ಶ್ರೀ ಹಾಲಸ್ವಾಮಿಯವರ ಶಿಷ್ಯರಾಗಿರುತ್ತಾರೆ, ಇಲ್ಲವೇ ಅವರ ಶಿಷ್ಯರ ಶಿಷ್ಯರಾಗಿರುತ್ತಾರೆ. ತಿಪಟೂರಿನ ತರಬೇತಿ ಕೇಂದ್ರದ ಮೋಟಾರು ವಿಭಾಗದಲ್ಲಿ ಮೂರು ದಶಕ ಬೋಧಕರಾಗಿ ದುಡಿದು ಈ ೧೯೮೬ರಲ್ಲಿ ನಿವೃತ್ತರಾಗುತ್ತಿರುವ ಅವರನ್ನು ಕುರಿತು ಮೆಕ್ಯಾನಿಕ್ಕುಗಳು ಬರೆಯುವುದು ನ್ಯಾಯ. ತುರುವೇಕೆರೆಯಲ್ಲಿ ಹೆರಿಗೆ ಮಾಡಿಸುವ ವೈದ್ಯೆಗೆ ಈ ಅಭಿನಂದನ ಸಂಪುಟದಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ಕೇಳಲಿ. ನಾನೂ ಅವರ ವಿದ್ಯಾರ್ಥಿನಿಯೇ.

ಕೇಂದ್ರ ಆರಂಭವಾದಾಗ ಪಾಠಕ್ಕೆ ಇದ್ದದ್ದು ಒಂದು ಕೆಟ್ಟ ಲಾರಿ ಎಂಜಿನ್ ಮಾತ್ರವಂತೆ. ಅದನ್ನೇ ಬಿಚ್ಚಿ ಜೋಡಿಸಿ, ಜೋಡಿಸಿ ಬಿಚ್ಚಿ, ಮೊದಲ ತಂಡದ ಹುಡುಗರನ್ನು ಅವರು ತಯಾರು ಮಾಡಿದರು. ಶಿಷ್ಯನೊಬ್ಬ ಸ್ವಂತ ಷೆಡ್ ತೆರೆದರೆ ಹಾರ ಹಾಕಿಸಿಕೊಳ್ಳಲು ನಿಲ್ಲದೆ, ಮೊದಲು ಬಂದ ಗಾಡಿಯ ಬಾನೆಟ್ಟನ್ನು ತಮ್ಮ ಕೈಯಾರೆ ಎತ್ತಿಕೊಟ್ಟು ಬರುವುದು ಅವರ ಪದ್ಧತಿ. ಬಸ್ ನಿಲ್ದಾಣದ ಹಿಂದಿನ ಶೌಕತ್ ಅಲಿಯವರ ಷೆಡ್ಡಿಗೂ ಬಾನೆಟ್ ಎತ್ತಿಕೊಟ್ಟವರು ಅವರೇ.

೧೯೭೪ರಲ್ಲಿ ಅವರು ಕಾರು ಇಟ್ಟುಕೊಂಡವರಿಗಾಗಿ ಭಾನುವಾರದ ತರಗತಿ ಆರಂಭಿಸಿದರು. ಕೊಬ್ಬರಿ ಮಂಡಿಯ ಯಜಮಾನರ ಸಾಲಿನಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ನನಗಾಗಿ ಅವರು ಕುರ್ಚಿ ತರಿಸಲಿಲ್ಲ, ಎಲ್ಲರಿಗೂ ಕೊಟ್ಟಂತೆ ಕೈ ಒರೆಸಿಕೊಳ್ಳಲು ಒಂದು ಹಳೇ ಬಟ್ಟೆ ಕೊಟ್ಟರು. ಅದಕ್ಕಿಂತ ದೊಡ್ಡ ಮರ್ಯಾದೆ ನನಗೆ ಆಮೇಲೆ ಯಾವ ಸಭೆಯಲ್ಲೂ ಸಿಕ್ಕಿಲ್ಲ.

ಗಾಡಿ ನಿಂತಿರುವಾಗ, ಆಕ್ಸಿಲರೇಟರ್ ತುಳಿಯದೆಯೂ ಎಂಜಿನ್ ತಾನಾಗಿ ಉಸಿರಾಡಿಕೊಂಡಿರಬೇಕು. ಅದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ಅದು ಕೆಟ್ಟರೆ ನಮ್ಮ ಕಡೆಯವರೆಲ್ಲ ಮಾಡುವುದು ಒಂದೇ, ಕಾರ್ಬುರೇಟರಿನ ಸ್ಕ್ರೂ ತಿರುಗಿಸುವುದು. ಹಾಲಸ್ವಾಮಿಯವರಿಗೆ ಸಿಟ್ಟು ಬರುತ್ತಿದ್ದುದು ಆಗ ಮಾತ್ರ. "ಸ್ಕ್ರೂ ತಿರುಗಿಸಿದ್ರೆ ಸದ್ದು ಜಾಸ್ತಿ ಆಯ್ತದೆ, ಕಾಯ್ಲೆ ಹಂಗೇ ಇರ್ತದೆ. ಮೊದ್ಲು ಯಾವಾಗ ನಿಲ್ತದೆ ಅಂತ ಕೇಳ್ರಪ್ಪ" ಎನ್ನುತ್ತಿದ್ದರು. ವೈದ್ಯಕೀಯ ಕಾಲೇಜಿನಲ್ಲಿ ನನಗೆ ಇದನ್ನೇ ಹೇಳಿದ್ದರು, ಆದರೆ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.

ನಮ್ಮ ಮನೆಯಲ್ಲಿದ್ದದ್ದು ಮಾವನವರ ಕಾಲದ ಒಂದು ಚಿಕ್ಕ ಕಾರು. ಬಸ್ಸು ಕಾಣದ ಹಳ್ಳಿಗಳಿಗೆ ನಾನು ಹೋಗುತ್ತಿದ್ದುದು ಅದರಲ್ಲೇ. ೧೯೭೮ರ ಚಳಿ ಕಾಲಿಟ್ಟಂತೆ ಅದರ ಐಡ್ಲಿಂಗ್ ಕೆಟ್ಟಿತು. ಬೆಳಿಗ್ಗೆ ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಗುಟುರು ಹಾಕಿ ಸತ್ತುಹೋಗುತ್ತಿತ್ತು. ಹೇಗೋ ತುಳಿದುಕೊಂಡು ತಿಪಟೂರಿಗೆ ಒಯ್ದರೆ, ಶೌಕತ್ ಅಲಿಯವರ ಎದುರು ಸಾಧು ಹಸುವಿನಂತೆ ನಿಂತಿರುತ್ತಿತ್ತು. ಅವರು ಪ್ಲಗ್ಗು ಬದಲಿಸಿದರು, ಪೆಟ್ರೋಲ್ ಪೈಪು ಊದಿದರು, ಕೊನೆಗೆ ಬೇರೆ ದಾರಿ ಕಾಣದೆ ಸ್ಕ್ರೂ ತಿರುಗಿಸಿದರು. ಮಧ್ಯಾಹ್ನವೆಲ್ಲ ಅಬ್ಬರಿಸಿದ ಕಾರು ಮಾರನೆಯ ಬೆಳಿಗ್ಗೆ ಮತ್ತೆ ಸತ್ತಿತು.

ಒಂದು ಮುಂಜಾನೆ ಹಿಂದಿನ ಸೀಟಿನಲ್ಲಿ ತುಂಬು ಬಸುರಿ ಹೊಂಬಾಳಮ್ಮ ನೋವು ತಿನ್ನುತ್ತಿದ್ದಾಗ ಓಣಿಯ ತಿರುವಿನಲ್ಲಿ ಅದು ನಿಂತೇಬಿಟ್ಟಿತು. ಊರವರು ತಳ್ಳಿದರು. ತಾಯಿ ಮಗು ಉಳಿದರು. ನಮ್ಮ ಯಜಮಾನರಾದ ಸದಾಶಿವಯ್ಯನವರು ಶೌಕತ್ ಅಲಿಯೇ ಏನೋ ಸಾಮಾನು ಬದಲಾಯಿಸಿದ್ದಾನೆಂದು ತೀರ್ಮಾನಿಸಿ ಅವರನ್ನು ಬಾಯಿಗೆ ಬಂದಂತೆ ಅಂದರು. ಸಂಕ್ರಾಂತಿ ಕಳೆದ ಮೇಲೆ ಕಾರು ಮಾರುವುದೆಂದೂ, ನಾನು ಇನ್ನು ಊರೊಳಗಿನ ರೋಗಿಗಳನ್ನಷ್ಟೇ ನೋಡುವುದೆಂದೂ ಮನೆಯಲ್ಲಿ ಮಾತಾಯಿತು. ಹಳ್ಳಿಗಳ ಹೆಂಗಸರನ್ನು ಯಾರು ನೋಡಬೇಕು ಎಂದು ನಾನು ಕೇಳಿದೆ.

ಮನಸ್ಸು ತಡೆಯದೆ ಭಾನುವಾರ ಹಾಲಸ್ವಾಮಿಯವರಲ್ಲಿ ಹೇಳಿಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ, ಯಾವಾಗ ನಿಲ್ಲುತ್ತದೆ ಎಂದು. ಬೆಳಿಗ್ಗೆ ಎಂದೆ. "ಹಂಗಾದ್ರೆ ಗಾಡಿ ನನ್ನ ತಾವ ತರಬ್ಯಾಡಿ ಡಾಕ್ಟ್ರಮ್ಮ, ನಾನೇ ಬತ್ತೀನಿ. ನಾನು ಬರೋಗಂಟ ಸ್ಟಾರ್ಟ್ ಮಾಡ್ಬ್ಯಾಡಿ" ಎಂದರು.

ಮಾರನೆಯ ದಿನ ಮೊದಲ ಬಸ್ಸಿಗೆ, ತಲೆಗೆ ಮಫ್ಲರ್ ಸುತ್ತಿಕೊಂಡು ಬಂದಿಳಿದರು. ಅಂಗಳದಲ್ಲಿ ನಿಂತವರು ಕಾರಿಗಿಂತ ಮೊದಲು ನಮ್ಮ ಜಗಲಿಯನ್ನೇ ನೋಡಿದರು. ಅಲ್ಲಿ ಚಳಿಗಾಲದಲ್ಲಿ ಎಲ್ಲರ ಮನೆಯಲ್ಲೂ ಇರುವಂತೆ, ಗಟ್ಟಿಯಾದ ಕೊಬ್ಬರಿ ಎಣ್ಣೆಯ ಸೀಸೆ ಕರಗಲೆಂದು ಎಳೆಬಿಸಿಲಿಗೆ ಕೂತಿತ್ತು. ಆಮೇಲೆ ಬಾನೆಟ್ ಎತ್ತಿದರು. ನಮ್ಮ ಕಾರಿನ ಕಾರ್ಬುರೇಟರಿನ ನೆತ್ತಿಯಲ್ಲಿ ಹಿತ್ತಾಳೆಯ ಒಂದು ಮುಚ್ಚಳವಿದೆ. ಅದರ ಕೆಳಗೆ, ಗಾಳಿ ಪೆಟ್ರೋಲುಗಳ ಹದ ನೋಡಿಕೊಳ್ಳುವ ಪಿಸ್ಟನ್ನು, ಅಂದರೆ ಕೊಂತವೊಂದು, ಚೂರು ಎಣ್ಣೆಯಲ್ಲಿ ಮೆಲ್ಲಗೆ ಏರಿಳಿಯುತ್ತಿರುತ್ತದೆ. ಮುಚ್ಚಳ ಬಿಚ್ಚಿ ಎತ್ತಿದಾಗ ಅದರ ಕಡ್ಡಿಗೆ ಬೆಣ್ಣೆಯಂತೆ ಬಿಳಿಯದೊಂದು ಅಂಟಿಕೊಂಡು ಬಂತು. ಅವರು ಮೂಸಿ ನೋಡಿ ನನ್ನ ಕೈಗೆ ಕೊಟ್ಟರು. ಒಗ್ಗರಣೆಗೆ ಹಾಕಬಹುದಾದಷ್ಟು ಒಳ್ಳೆಯ ಕೊಬ್ಬರಿ ಎಣ್ಣೆ. ರಾತ್ರಿಯ ಚಳಿಗೆ ಗಟ್ಟಿಯಾಗಿ ಕೊಂತವನ್ನು ಹಿಡಿಯುತ್ತಿತ್ತು, ತಿಪಟೂರು ಮುಟ್ಟುವಷ್ಟರಲ್ಲಿ ಎಂಜಿನ್ ಕಾವಿಗೆ ಕರಗಿ ನೀರಾಗುತ್ತಿತ್ತು. ಶೌಕತ್ ಅಲಿಯವರಿಗೆ ರೋಗ ಕಾಣುವುದಾದರೂ ಹೇಗೆ?

ಹಾಕಿದವರು ನಮ್ಮ ಅತ್ತೆ ಶಿವರುದ್ರಮ್ಮನವರು. ನಾನು ಅಲ್ಲಿಗೆ ಎಣ್ಣೆ ಬಿಡುವುದನ್ನು ನೋಡಿದ್ದರು, ಡಬ್ಬಿ ಬರಿದಾದದ್ದನ್ನೂ ಕಂಡಿದ್ದರು. ಸೊಸೆ ನಾಲ್ಕು ಊರು ತಿರುಗುತ್ತಾಳೆ, ಗಾಡಿ ಒಣಗಬಾರದೆಂದು ಮನೆಯೆಣ್ಣೆಯನ್ನೇ ತುಂಬಿದ್ದರು. ನಾವು ತೆಂಗಿನವರು, ನಮಗೆ ಎಣ್ಣೆಯೆಂದರೆ ಒಂದೇ ಎಣ್ಣೆ. ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರ್ಕೋ ಬುಡು, ನಾನೇನು ವಿಷ ಹಾಕಿದ್ನಾ?" ಎಂದಿದ್ದಾರೆ.

ಆದರೆ ಆ ಬೆಳಿಗ್ಗೆ ಅವರ ಮುಖ ಸೀಸೆಯೊಳಗಿನ ಎಣ್ಣೆಯಷ್ಟೇ ಬಿಳಿಚಿತ್ತು. ಮಗ ಬಾಯಿ ತೆರೆಯುವ ಮೊದಲೇ ಹಾಲಸ್ವಾಮಿಯವರು ನಡುವೆ ಬಂದು ನಿಂತರು. "ತಪ್ಪು ನಂದು ಯಜಮಾನ್ರೇ. ತೆಳ್ಳಗಿರೋ ಶುದ್ಧ ಎಣ್ಣೆ ಹಾಕಿ ಅಂತ ಪಾಠದಲ್ಲಿ ಹೇಳ್ದೋನು ನಾನು. ಯಾವ ಎಣ್ಣೆ ಹಾಕಬಾರ್ದು ಅಂತ ಹೇಳ್ನಿಲ್ಲ. ಈ ಸೀಮೇಲಿ ಕುಂತು ಅದನ್ನ ಹೇಳದೆ ಇದ್ರೆ ನಾನೆಂಥ ಮೇಷ್ಟ್ರು?" ಎಂದರು. ಹಳೆಯ ಎಣ್ಣೆಯನ್ನು ಒರೆಸಿ ತೆಗೆದು, ಹೊಸ ಎಣ್ಣೆಯ ಡಬ್ಬಿಯನ್ನು ಅತ್ತೆಯವರ ಕೈಗೇ ಕೊಟ್ಟು ಹೊಯ್ಯಿಸಿದರು. ಯಜಮಾನರು ಅಂದೇ ತಿಪಟೂರಿಗೆ ಹೋಗಿ ಶೌಕತ್ ಅಲಿಯವರಲ್ಲಿ ಕ್ಷಮೆ ಕೇಳಿ ಬಂದರು. ಮುಂದಿನ ಭಾನುವಾರದ ಪಾಠವನ್ನು ಹಾಲಸ್ವಾಮಿಯವರು ಆರಂಭಿಸಿದ್ದು "ನನ್ನದೊಂದು ತಪ್ಪು" ಎಂಬ ಮಾತಿನಿಂದಲೇ.

ಕಾರು ಸರಿಯಾದ ಆ ಬೆಳಿಗ್ಗೆಯೇ, ಕಾಫಿ ಕುಡಿಯುವಷ್ಟರಲ್ಲಿ ಸಂಪಿಗೆ ಗ್ರಾಮದ ಕಡೆಯಿಂದ ಒಬ್ಬ ಸೈಕಲ್ಲು ತುಳಿದುಕೊಂಡು ಧಾವಿಸಿ ಬಂದ. ಅವನ ಹೆಂಡತಿ ಸಿದ್ದಗಂಗಮ್ಮನಿಗೆ ನೋವು ಬಂದು ಮಗು ಅಡ್ಡ ತಿರುಗಿತ್ತು. ನಾನು ಕಾರಿನ ಕಡೆ ನೋಡಿ ಅಳುಕಿದೆ. ಹಾಲಸ್ವಾಮಿಯವರು ಪಕ್ಕದ ಸೀಟಿನಲ್ಲಿ ಕೂತೇಬಿಟ್ಟರು. ಅವಳ ಮನೆ ಮುಟ್ಟಿದಾಗ, "ಆಫ್ ಮಾಡಬ್ಯಾಡಿ, ಒಳೀಕೆ ಹೋಗಿ. ನಾನು ಕೇಳ್ತಾ ಕೂತಿರ್ತೀನಿ" ಎಂದರು. ಒಳಗೆ ನೋಡಿದರೆ ಅದು ನನ್ನೊಬ್ಬಳ ಕೈಗೆ ಬಗ್ಗುವ ಹೆರಿಗೆಯಾಗಿರಲಿಲ್ಲ, ತಿಪಟೂರಿನ ಆಸ್ಪತ್ರೆಗೇ ಒಯ್ಯಬೇಕಿತ್ತು. ಅವಳನ್ನು ಸಿದ್ಧಮಾಡುವಾಗಲೆಲ್ಲ ಗೋಡೆಯಾಚೆ ಆ ಎಂಜಿನ್ ಒಂದೇ ಹದದಲ್ಲಿ ಉಸಿರಾಡುತ್ತಿತ್ತು. ನಾವು ಹೊತ್ತು ತಂದಾಗ ಅವರು ಬಾಗಿಲು ತೆರೆದು, "ನಿಂತಿಲ್ಲ ಕಣ್ರೀ" ಎಂದಷ್ಟೇ ಅಂದರು. ಸಿದ್ದಗಂಗಮ್ಮನೂ ಅವಳ ಮಗಳೂ ಇಂದು ಸುಖವಾಗಿದ್ದಾರೆ. ಕಾರು ಮಾರುವ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಅಂದಿನಿಂದ ಯಾವ ರೋಗಿ ಬಂದರೂ ನಾನು ಮೊದಲು ಕೇಳುವುದು, ಯಾವಾಗ ಎಂದು. ಔಷಧಿ ಬರೆಯುವುದು ಆಮೇಲೆ.

ಮೇಷ್ಟ್ರೇ, ತಾವು ಆಯುರಾರೋಗ್ಯದಿಂದ ನೂರು ಕಾಲ ಬಾಳಬೇಕು. ನಿವೃತ್ತಿ ಸರ್ಕಾರದ ಮಟ್ಟಿಗಿರಲಿ, ಭಾನುವಾರಗಳನ್ನು ಮಾತ್ರ ನಮಗೇ ಉಳಿಸಿಕೊಡಬೇಕು. ಸನ್ಮಾನದ ದಿನ ಅತ್ತೆಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದೇ ಕಾರಿನಲ್ಲಿ ಬರುತ್ತೇನೆ. ಪೆಟ್ರೋಲು ದಂಡವೆಂದು ಯಜಮಾನರು ಗೊಣಗಿದರೂ ಸರಿ, ಸಭೆ ಮುಗಿಯುವವರೆಗೆ ಅದನ್ನು ಬಾಗಿಲಲ್ಲಿ ಆಫ್ ಮಾಡದೆ ನಿಲ್ಲಿಸಿರುತ್ತೇನೆ. ಭಾಷಣಗಳ ನಡುವೆ ತಾವು ಒಮ್ಮೆ ಕಿವಿಗೊಡಿ. ಎಂಜಿನ್ ನಿಂತಿರುವುದಿಲ್ಲ.

ಡಾ. ಶಾಂತಕುಮಾರಿ, ತುರುವೇಕೆರೆ