ಸಿಂಗಪುರಕ್ಕೆ ಹೋದ ಟವೆಲ್

ಮನುಷ್ಯನ ಇತಿಹಾಸವೆಂದರೆ, ಮೂಲತಃ, ಖಾಲಿ ಜಾಗವನ್ನು ತನ್ನದೆಂದು ಸಾರಿಕೊಂಡ ಇತಿಹಾಸ. ಚಕ್ರವರ್ತಿಗಳು ಇದಕ್ಕಾಗಿ ಅಶ್ವಮೇಧದ ಕುದುರೆ ಬಿಟ್ಟರು. ಸರ್ಕಾರಗಳು ಸರ್ವೆ ಕಲ್ಲು ನೆಟ್ಟವು. ಕಡೂರಿನವರಾದ ನಾವು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆಯುತ್ತೇವೆ.

ಕುದುರೆಗಿಂತ ಟವೆಲ್ ಅನುಕೂಲ, ಮೇವು ಕೇಳುವುದಿಲ್ಲ. ಇದಕ್ಕೆ ಯಾರೂ ಬರೆದಿಡದ ಒಂದು ಧರ್ಮಶಾಸ್ತ್ರವೂ ಉಂಟು. ಟವೆಲ್ ಬಿದ್ದ ಸೀಟು ಖಾತೆಯಾದ ಜಮೀನಿದ್ದಂತೆ. ಒಡೆಯ ಕೆಳಗೆ ನಿಂತು ಕಡಲೆಕಾಯಿ ತಿನ್ನುತ್ತಿದ್ದರೂ ಹಕ್ಕು ಅವನದೇ. ಕರ್ಚೀಫು ಸ್ವಲ್ಪ ದುರ್ಬಲ ದಾಖಲೆ, ತಕರಾರಿಗೆ ಎಡೆಯುಂಟು. ದಿನಪತ್ರಿಕೆಯನ್ನಂತೂ ಯಾರೂ ಮಾನ್ಯ ಮಾಡುವುದಿಲ್ಲ. ಎತ್ತಿಕೊಂಡು ಓದಲು ಶುರು ಮಾಡುತ್ತಾರೆ. ಒಮ್ಮೆ ಅಜ್ಜಂಪುರದ ಬಸ್ಸಿನಲ್ಲಿ ಒಂದೇ ಸೀಟಿಗೆ ಎರಡು ಕಡೆಯಿಂದ ಎರಡು ಟವೆಲ್ ಬಿದ್ದು, ವಾದಿ ಪ್ರತಿವಾದಿಗಳಿಬ್ಬರೂ ನಿಂತೇ ವಾದಿಸಿದರು. ಬೀರೂರು ಬರುವ ಹೊತ್ತಿಗೆ ಸೊಪ್ಪಿನ ಬುಟ್ಟಿಯ ಹೆಂಗಸೊಬ್ಬಳು ಎರಡನ್ನೂ ನೀಟಾಗಿ ಮಡಿಸಿ, ಅವರವರ ಕೈಗೆ ಕೊಟ್ಟು, ತಾನು ಕೂತುಬಿಟ್ಟಳು. ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ.

ಇಂಥ ವಿದ್ಯೆಯಲ್ಲಿ ಪಳಗಿದ ನಾನು ಹೆಂಡತಿ ಗಿರಿಜೆಯೊಡನೆ ಈಚೆಗೆ ಸಿಂಗಪುರಕ್ಕೆ ಹೋಗಿದ್ದೆ. ಆಕೆಗೆ ಮಂಡಿನೋವು. ಹೊರಡುವ ಮೊದಲೇ ಷರತ್ತು ಹಾಕಿದ್ದಳು.

"ನೋಡ್ರೀ, ಎಷ್ಟು ಬೇಕಾದ್ರೂ ನಡೀತೀನಿ. ಊಟ ಮಾತ್ರ ಕೂತ್ಕಂಡೇ. ಮದುವೆ ಬಫೆ ಥರ ತಟ್ಟೆ ಹಿಡ್ಕಂಡು ನಿಲ್ಸಿದ್ರೋ, ಮಾರನೇ ದಿನದಿಂದ ರೂಮಲ್ಲೇ ಮಲ್ಕತೀನಿ. ಊರು ನೀವೊಬ್ರೇ ಸುತ್ಕಳಿ."

"ಸೀಟು ಹಿಡಿಯೋದು ನನಗೆ ಹೇಳ್ಕೊಡ್ತೀಯೇನೇ?" ಎಂದು ನಾನು ಟವೆಲನ್ನು ಚೀಲಕ್ಕೆ ತುರುಕಿದೆ.

ಮೊದಲ ದಿನ ಬೆಳಿಗ್ಗೆ ನದಿಯ ದಂಡೆ ನೋಡಿದೆವು, ತೋಟ ನೋಡಿದೆವು, ಆಕಾಶಕ್ಕೆ ಏಣಿ ಹಾಕಿದಂಥ ಕಟ್ಟಡಗಳನ್ನು ಕತ್ತು ನೋಯುವವರೆಗೆ ನೋಡಿದೆವು. ರಸ್ತೆ ಬದಿಯ ತೆಂಗಿನ ಮರಗಳನ್ನು ಗಿರಿಜೆ ಬಹಳ ಹೊತ್ತು ಪರೀಕ್ಷಿಸಿದಳು. "ಒಂದು ಕಾಯಿನೂ ಬಿಟ್ಟಿಲ್ವಲ್ರೀ. ಬರೀ ಶೋಕಿಗೆ ಸಾಕ್ಕೊಂಡವ್ರೆ." ಸಖರಾಯಪಟ್ಟಣದ ಬಳಿ ತೆಂಗಿನ ತೋಟವಿರುವ ಮನೆತನದ ಮಗಳು; ಆ ನಗರದ ಬಗ್ಗೆ ಆಕೆಯ ಗೌರವ ಅಲ್ಲಿಂದ ಕೊಂಚ ಇಳಿಯಿತು. ನನ್ನ ಗೌರವ ಇಳಿದದ್ದು ರೈಲಿನಲ್ಲಿ. ಅದರ ಕಿಟಕಿಗಳು ತೆರೆಯುವುದೇ ಇಲ್ಲ. ಒಂದು ಜೀವಮಾನದ ಕೌಶಲ ಹೀಗೆ ನಿರುದ್ಯೋಗಿಯಾಯಿತು.

ಮಧ್ಯಾಹ್ನ ಊಟಕ್ಕೆ ಹೋದದ್ದು ಒಂದು ದೊಡ್ಡ ಚಪ್ಪರದಂಥ ಜಾಗಕ್ಕೆ. ಸುತ್ತ ಸಣ್ಣ ಸಣ್ಣ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜುಗಳು, ನೆಲಕ್ಕೆ ಬಿಗಿದ ಕುರ್ಚಿಗಳು. ಜನವೋ ಜನ. ಆದರೂ ಎರಡು ಕುರ್ಚಿಯ ಮೇಜೊಂದು ಖಾಲಿಯಾಗಿ ನಮಗಾಗಿಯೇ ಕಾದಿತ್ತು. ಅದರ ಮೇಲೆ ಕಾಗದದ ಕರವಸ್ತ್ರಗಳ ಪುಟ್ಟ ಪೊಟ್ಟಣ ಬೇರೆ!

"ನೋಡೇ ಉಪಚಾರಾನ! ಬೆವರು ಒರೆಸ್ಕೊಳ್ಳೋಕೂ ಮಡಗವ್ರೆ" ಎಂದು ನಾನು ಎರಡು ಹಾಳೆ ಎಳೆದು ಮುಖ, ಕತ್ತು ಒರೆಸಿಕೊಂಡೆ. ಗಿರಿಜೆ ಮಂಡಿ ಚಾಚಿ ಕೂತಳು.

ಅಷ್ಟರಲ್ಲಿ ನಮ್ಮದೇ ವಯಸ್ಸಿನ ಆ ಊರಿನ ದಂಪತಿ ಊಟದ ತಟ್ಟೆ ಹಿಡಿದು ಬಂದು ನಮ್ಮೆದುರು ನಿಂತರು. ಬಯ್ಯಲಿಲ್ಲ. ಪೊಟ್ಟಣವನ್ನು ನೋಡಿದರು, ನನ್ನ ಕತ್ತನ್ನು ನೋಡಿದರು. ನಾನು ಮುಗುಳ್ನಕ್ಕೆ. ಗಿರಿಜೆ ಅಕ್ಕಪಕ್ಕ ಕಣ್ಣಾಡಿಸಿದಳು. ಖಾಲಿ ಮೇಜುಗಳ ಮೇಲೆಲ್ಲ ಒಂದೊಂದು ಪೊಟ್ಟಣ, ಒಂದರ ಮೇಲೆ ಕೊಡೆ.

"ರೀ, ಏಳ್ರೀ ಮೇಲೆ! ಅದು ಅವ್ರ ಟವೆಲ್ಲು ಕಣ್ರೀ!"

ಪರರ ಟವೆಲ್ ಎತ್ತಿದವರನ್ನು ತರೀಕೆರೆಯವರೆಗೂ ಬಯ್ದುಕೊಂಡು ಹೋದ ನಾನು, ಇಲ್ಲಿ ಪರರ ಟವೆಲ್ ಎತ್ತಿ ಮುಖವನ್ನೇ ಒರೆಸಿಕೊಂಡಿದ್ದೆ. ಇಂಗ್ಲಿಷಿನಲ್ಲಿ ನನಗೆ ಗೊತ್ತಿದ್ದ ಕ್ಷಮೆಯನ್ನೆಲ್ಲ ಕೇಳಿದೆ. ಆ ಮಹಾನುಭಾವರು ನಕ್ಕು ಇನ್ನೊಂದು ಹಾಳೆ ಕೊಟ್ಟರು. ಕುರ್ಚಿ ಕೊಡಲಾಗಲಿಲ್ಲ, ಇದ್ದದ್ದು ಎರಡೇ.

ಗಿರಿಜೆ ಈಗ ನಿಂತಿದ್ದಳು. ಒಂದು ಕೈ ಮಂಡಿಯ ಮೇಲೆ. "ರೂಮಿನ ಬೀಗದಕೈ ಎಲ್ಲೈತೆ?" ಎಂದು ಕೇಳಿದ ದನಿ ಬಹಳ ಮೃದುವಾಗಿತ್ತು. ಆ ಮೃದುತ್ವದ ಅರ್ಥ ಮದುವೆಯಾದವರಿಗೆ ಗೊತ್ತು.

ಆಗ ಪಕ್ಕದ ಮೇಜಿನ ನಾಲ್ವರಲ್ಲಿ ಒಬ್ಬಳು ಎದ್ದಳು. ಆಕೆ ತಟ್ಟೆ ಎತ್ತುವುದಕ್ಕೂ ನನ್ನ ಟವೆಲ್ ಆ ಕುರ್ಚಿಗೆ ಬೀಳುವುದಕ್ಕೂ ನಡುವೆ ಉಸಿರಾಡುವಷ್ಟೂ ಅಂತರವಿರಲಿಲ್ಲ. ಅತ್ತ ಹೊರಟಿದ್ದ ಟೈ ಕಟ್ಟಿದ ಯುವಕನೊಬ್ಬ ಟವೆಲನ್ನು ನೋಡಿ ನಿಂತ. ನಾನು ವಾದಕ್ಕೆ ಸಿದ್ಧನಾದೆ. ಅವನು ತಲೆಬಾಗಿ, ಬೇರೆ ಜಾಗ ಹುಡುಕಿಕೊಂಡು ಹೋದ. ಕಡೂರಿನ ದಾಖಲೆ ಪರದೇಶದಲ್ಲಿ ತಕರಾರಿಲ್ಲದೆ ಊರ್ಜಿತವಾಯಿತು.

ಆದರೆ ಶಾಸ್ತ್ರ ಎಲ್ಲಾ ಕಡೆಗೂ ಒಂದೇ: ಒಂದು ಟವೆಲಿಗೆ ಒಂದೇ ಸೀಟು. ಅನ್ನ, ತರಕಾರಿ ತಂದು ಗಿರಿಜೆಯ ಮುಂದಿಟ್ಟು, ನನ್ನ ತಟ್ಟೆ ಹಿಡಿದು ಆಕೆಯ ಬೆನ್ನ ಹಿಂದೆ ಕಂಡಕ್ಟರಿನಂತೆ ನಿಂತೆ.

ಆಕೆ ಎರಡು ತುತ್ತು ಉಂಡು ತಿರುಗಿ ನೋಡಿದಳು. "ಪಾಪ, ನಿಂತ್ಕಂಡೇ ಬಂದ್ರಲ್ರೀ. ತಡೀರಿ, ಬೀರೂರಲ್ಲಿ ಯಾರಾದ್ರೂ ಇಳೀತಾರೆ."

ಯಾರೂ ಇಳಿಯಲಿಲ್ಲ. ಗಿರಿಜೆ ಕೂತು ಉಂಡಳು, ನಾನು ನಿಂತು ಉಂಡೆ. ಮಾರನೆಯ ದಿನ ಇಬ್ಬರೂ ಮೃಗಾಲಯಕ್ಕೆ ಹೋದೆವು.